ಒಂದು ವರ್ಷದ ತಿರುವು, ಮೂವತ್ತು ವರ್ಷಗಳ ಕಾಣಿಕೆ



ವರ್ಷದ ಕೊನೆಯ ದಿನಗಳು ಬಂದಾಗ ನಮ್ಮ ಮನೆಗಳಲ್ಲಿ ಎರಡು ಕೆಲಸಗಳು ನಡೆಯುತ್ತವೆ. ಗೋಡೆಯ ಹಳೆಯ ಕ್ಯಾಲೆಂಡರನ್ನು ಇಳಿಸಿ ಹೊಸದನ್ನು ತೂಗುಹಾಕುತ್ತೇವೆ. ಇಳಿಸುವ ಮುನ್ನ ಒಂದು ಗಳಿಗೆ ಅದರ ಹಾಳೆಗಳನ್ನು ತಿರುವಿ ನೋಡುತ್ತೇವೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮಗಳ ಪರೀಕ್ಷೆಯ ತಾರೀಕು, ಯಾರೋ ತೀರಿಕೊಂಡ ದಿನದ ಸುತ್ತ ಹಾಕಿದ ಒಂದು ಗುರುತು. ಹನ್ನೆರಡು ಹಾಳೆಗಳಲ್ಲಿ ಒಂದು ಸಂಸಾರದ ಬದುಕು ಅಡಗಿ ಕೂತಿರುತ್ತದೆ.

ಕೆಲವು ವರ್ಷಗಳು ಹೀಗೆಯೇ ಸದ್ದಿಲ್ಲದೆ ಕಳೆದುಹೋಗುತ್ತವೆ. ಇನ್ನು ಕೆಲವು ಹಾಗಲ್ಲ. ಆ ವರ್ಷದ ಮುಂಚೆ ನಾವು ಒಬ್ಬರು, ನಂತರ ಇನ್ನೊಬ್ಬರು ಎನ್ನುವಷ್ಟು ಬದಲಾಗಿಬಿಡುತ್ತೇವೆ. ಇದ್ದ ಕೆಲಸ ಹೋಗಿರಬಹುದು, ಊರು ಬಿಟ್ಟಿರಬಹುದು, ಮದುವೆಯಾಗಿರಬಹುದು, ಮನೆಯ ಹಿರಿಯರನ್ನು ಮಣ್ಣಿಗೆ ಕೊಟ್ಟು ಬಂದಿರಬಹುದು. ನಿಮಗೆ ಈ ವರ್ಷ ಅಂಥದ್ದಾಗಿದ್ದರೆ ಈ ಪುಟವನ್ನು ಸ್ವಲ್ಪ ನಿಧಾನವಾಗಿ ಓದಿರಿ. ನಮ್ಮ ದಾವಣಗೆರೆಯಲ್ಲಿ ಮತ್ತು ಹರಿಹರದಲ್ಲಿ ಬಾಳಿದ ಒಬ್ಬ ವ್ಯಕ್ತಿಯ ಜೀವನವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಅವರು ನಮ್ಮ ಧರ್ಮಸಭೆಯವರಲ್ಲ, ಬಸವಣ್ಣನವರ ಹಾದಿಯಲ್ಲಿ ನಡೆದವರು. ಆದರೆ ಬದಲಾವಣೆಯ ವರ್ಷವೊಂದನ್ನು ಹೇಗೆ ಎದುರಿಸಬೇಕು, ಆಮೇಲೆ ಅದಕ್ಕೆ ಹೇಗೆ ಲೆಕ್ಕ ಒಪ್ಪಿಸಬೇಕು ಎಂಬುದನ್ನು ಅವರಿಂದ ಯಾರು ಬೇಕಾದರೂ ಕಲಿಯಬಹುದು. ಅವರೇ ಕರ್ನಾಟಕದ ಗಾಂಧಿ ಎಂದು ಹೆಸರಾದ ಹರ್ಡೇಕರ ಮಂಜಪ್ಪನವರು.

ಮೊದಲೇ ಒಂದು ಮಾತು. ಹುಬ್ಬಳ್ಳಿಯಲ್ಲಿ ಸೇವಾದಳವನ್ನು ಕಟ್ಟಿದ ಡಾಕ್ಟರ್ ನಾ. ಸು. ಹರ್ಡೀಕರರು ಬೇರೆ, ಇವರು ಬೇರೆ. ಇಬ್ಬರೂ ಒಂದೇ ಕಾಲದವರು, ಇಬ್ಬರೂ ದೇಶಸೇವಕರು. ಹೆಸರು ಹತ್ತಿರವಾದ್ದರಿಂದ ಶಾಲೆಯ ಮಕ್ಕಳು ಮಾತ್ರವಲ್ಲ, ಭಾಷಣ ಮಾಡುವ ದೊಡ್ಡವರೂ ಒಬ್ಬರನ್ನು ಇನ್ನೊಬ್ಬರೆಂದು ತಿಳಿಯುವುದುಂಟು.

ಬನವಾಸಿಯ ಬಡ ಮನೆಯಿಂದ

ಮಂಜಪ್ಪನವರು ಹುಟ್ಟಿದ್ದು 1886ರ ಫೆಬ್ರವರಿ 18ರಂದು, ಉತ್ತರ ಕನ್ನಡದ ಬನವಾಸಿಯಲ್ಲಿ. ಒಂದು ಕಾಲಕ್ಕೆ ಕದಂಬರ ರಾಜಧಾನಿಯಾಗಿ ಮೆರೆದಿದ್ದ ಬನವಾಸಿ ಆ ಹೊತ್ತಿಗೆ ಒಂದು ಹಳ್ಳಿಯಾಗಿತ್ತು. ಮನೆಯಲ್ಲಿ ಬಡತನ. ಓದುವ ಆಸೆ ಎಷ್ಟಿದ್ದರೂ ಓದಿಸುವ ಶಕ್ತಿ ಮನೆಗಿರಲಿಲ್ಲ. 1903ರಲ್ಲಿ ಅವರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಇಂದಿನವರಿಗೆ ಆ ಹೆಸರು ಹೊಸದಾಗಿ ಕೇಳಿಸಬಹುದು. ಆಗಿನ ಮುಂಬಯಿ ಪ್ರಾಂತದಲ್ಲಿ ಕನ್ನಡ ಶಾಲೆಯ ಕೊನೆಯ ಮೆಟ್ಟಿಲು ಅದು. ಅದನ್ನು ದಾಟಿದವರಿಗೆ ಶಾಲಾ ಮಾಸ್ತರಿಕೆಯಂಥ ಸರಕಾರಿ ನೌಕರಿ ಸಿಗುತ್ತಿತ್ತು. ಮಂಜಪ್ಪನವರಿಗೂ ಸಿಕ್ಕಿತು. ಶಿರಸಿಯ ಶಾಲೆಯಲ್ಲಿ ಅವರು ಮಾಸ್ತರರಾದರು.

ಹದಿನೇಳು ಹದಿನೆಂಟರ ಹುಡುಗನಿಗೆ ಸರಕಾರದ ಸಂಬಳ ಬರುವುದೆಂದರೆ ಬಡ ಕುಟುಂಬಕ್ಕೆ ಅದೆಷ್ಟು ದೊಡ್ಡ ಆಸರೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿಯೂ ಮಗನಿಗೋ ಮಗಳಿಗೋ ಸರಕಾರಿ ಕೆಲಸ ಸಿಕ್ಕಿತೆಂದರೆ ಪೂಜೆಗೆ ಕೊಟ್ಟು, ನೆರೆಯವರಿಗೆ ಸಿಹಿ ಹಂಚುತ್ತೇವೆ. ಸಂಬಳ ಸಣ್ಣದಾದರೂ ತಿಂಗಳು ತಿಂಗಳು ತಪ್ಪದೆ ಬರುತ್ತದಲ್ಲ, ಅದೇ ನೆಮ್ಮದಿ. ಮಂಜಪ್ಪನವರ ಮುಂದೆ ಇದ್ದದ್ದು ಅಂಥ ನೆಮ್ಮದಿಯ ದಾರಿ. ಅವರು ಅದೇ ದಾರಿಯಲ್ಲಿ ನಡೆದಿದ್ದರೆ ವಯಸ್ಸಾದ ಮೇಲೆ ಪಿಂಚಣಿ ಪಡೆದು ಶಾಂತವಾಗಿ ಬಾಳುತ್ತಿದ್ದರು. ಅವರ ಹೆಸರನ್ನು ನಾವು ಕೇಳುತ್ತಿರಲಿಲ್ಲ.

1906

ಆ ಕಾಲದಲ್ಲಿ ದೇಶದಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ನೆನಪಿಗೆ ತಂದುಕೊಳ್ಳಿರಿ. 1905ರ ಅಕ್ಟೋಬರ್ 16ರಂದು ಬ್ರಿಟಿಷ್ ಸರಕಾರ ಬಂಗಾಳವನ್ನು ಎರಡು ತುಂಡು ಮಾಡಿತು. ಅದಕ್ಕೆ ಎದುರಾಗಿ ಎದ್ದ ಸ್ವದೇಶಿ ಚಳವಳಿ ಕಲ್ಕತ್ತೆಯಲ್ಲಿಯೇ ನಿಲ್ಲಲಿಲ್ಲ. ಪರದೇಶದ ಬಟ್ಟೆ ಬೇಡ, ಪರದೇಶದ ಸಕ್ಕರೆ ಬೇಡ, ನಮ್ಮ ಕೈ ಮಾಡಿದ್ದೇ ನಮಗೆ ಸಾಕು ಎಂಬ ಮಾತು ಪುಣೆಯ ಮೂಲಕ ನಮ್ಮ ಕಡೆಗೂ ಬಂತು. ಅದನ್ನು ತಂದದ್ದು ಮುಖ್ಯವಾಗಿ ಲೋಕಮಾನ್ಯ ತಿಲಕರ ಕೇಸರಿ ಪತ್ರಿಕೆ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿ ಬಲ್ಲವರು ಅದನ್ನು ಓದಿ ಉಳಿದವರಿಗೆ ಹೇಳುತ್ತಿದ್ದರು. ಶಿರಸಿಯ ತರುಣ ಮಾಸ್ತರರೂ ಕೇಸರಿಯನ್ನು ಓದಿದರು. ಓದಿದ್ದು ಮನಸ್ಸಿಗೆ ನಾಟಿತು.

ಇಲ್ಲಿ ಒಂದು ಇಕ್ಕಟ್ಟು ಹುಟ್ಟಿತು. ಸರಕಾರದ ಸಂಬಳ ತಿನ್ನುವವನು ಆ ಸರಕಾರದ ಅನ್ಯಾಯವನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳದೆ ಇದ್ದರೆ ಒಳಗಿನ ದನಿಗೆ ಮೋಸ. ಹೇಳಿದರೆ ಅನ್ನಕ್ಕೆ ಕುತ್ತು. ಇಂಥ ಇಕ್ಕಟ್ಟಿನಲ್ಲಿ ನಮ್ಮಲ್ಲಿ ಬಹಳ ಮಂದಿ ಏನು ಮಾಡುತ್ತೇವೆ? ದಿನ ತಳ್ಳುತ್ತೇವೆ. ಮುಂದಿನ ವರ್ಷ ನೋಡೋಣ ಎನ್ನುತ್ತೇವೆ. ಆ ಮುಂದಿನ ವರ್ಷ ಬರುವುದೇ ಇಲ್ಲ. ಮಂಜಪ್ಪನವರು 1906ರಲ್ಲಿ ಮಾಸ್ತರಿಕೆಗೆ ರಾಜೀನಾಮೆ ಕೊಟ್ಟರು. ಆಗ ಅವರಿಗೆ ಇಪ್ಪತ್ತು ವರ್ಷ.

ಬಿಟ್ಟಮೇಲೆ ಸುಮ್ಮನೆ ಕೂರಲಿಲ್ಲ ಎಂಬುದನ್ನು ಗಮನಿಸಿರಿ. ಸಿಟ್ಟಿನಿಂದ ಕೆಲಸ ಬಿಡುವುದು ಸುಲಭ. ಯಾವುದನ್ನು ಹಿಡಿಯಬೇಕೆಂದು ತಿಳಿದು ಬಿಡುವುದು ಕಷ್ಟ. ಕನ್ನಡದ ಜನರಿಗೆ ಸ್ವದೇಶಿಯ ಮಾತನ್ನು ಕನ್ನಡದಲ್ಲೇ ಮುಟ್ಟಿಸಬೇಕೆಂದು ಅವರ ಮನಸ್ಸಿನಲ್ಲಿತ್ತು. ಅದಕ್ಕಾಗಿ ಅವರು ದಾವಣಗೆರೆಗೆ ಬಂದರು. ಸಹೋದರನ ಜೊತೆಗೂಡಿ ಅದೇ ವರ್ಷ ಇಲ್ಲಿ ಒಂದು ವಾರಪತ್ರಿಕೆಯನ್ನು ಆರಂಭಿಸಿದರು. ಅದರ ಹೆಸರು ಧನುರ್ಧಾರಿ, ಎಂದರೆ ಬಿಲ್ಲು ಹಿಡಿದವನು.

ಒಂದೇ ವರ್ಷದಲ್ಲಿ ಕೆಲಸ, ಊರು, ಸೀಮೆ, ಗುರಿ ಎಲ್ಲವೂ ಬದಲಾದವು. ಸೀಮೆ ಎಂದದ್ದಕ್ಕೆ ಕಾರಣವಿದೆ. ಶಿರಸಿ ನೇರವಾಗಿ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ದಾವಣಗೆರೆ ಮೈಸೂರು ಅರಸರ ಸಂಸ್ಥಾನಕ್ಕೆ ಸೇರಿತ್ತು. ಇಂದು ನಾವು ಬಸ್ಸಿನಲ್ಲಿ ಕೂತು ಶಿರಸಿಗೆ ಹೋಗಿಬರುವಾಗ ಹಾದಿಯಲ್ಲಿ ಯಾವ ಗಡಿಯೂ ಕಾಣುವುದಿಲ್ಲ. ಆಗ ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋದಂತೆ.

ಆಗಿನ ದಾವಣಗೆರೆ

ದಾವಣಗೆರೆ ಹಿಂದೆ ಬೇತೂರಿನ ಪಕ್ಕದ ಒಂದು ಸಣ್ಣ ಹಳ್ಳಿಯಾಗಿತ್ತು. ಹೈದರಾಲಿ ಇದನ್ನು ಮರಾಠ ಸರದಾರನೊಬ್ಬನಿಗೆ ಜಹಗೀರಾಗಿ ಕೊಟ್ಟಮೇಲೆ ವ್ಯಾಪಾರಿಗಳು ಬಂದು ನೆಲೆಸಿದರು. ಇಲ್ಲಿಯ ಕಂಬಳಿಗಳಿಗೆ ದೂರದವರೆಗೆ ಹೆಸರಿತ್ತು. ಮಂಜಪ್ಪನವರು ಬರುವ ಹೊತ್ತಿಗೆ ರೈಲು ಬಂದಿತ್ತು, ಹತ್ತಿ ಮತ್ತು ಕಾಳಿನ ವ್ಯಾಪಾರ ಬೆಳೆಯುತ್ತಿತ್ತು. ಹಣ ಓಡಾಡುವ ಊರು, ನಾಲ್ಕು ಕಡೆಯ ಜನ ಬಂದುಹೋಗುವ ಊರು. ಪತ್ರಿಕೆಯ ಮಾತು ಸಂತೆಯವರೊಡನೆ ಹಳ್ಳಿ ಹಳ್ಳಿಗೂ ಹೋಗಬಲ್ಲ ಊರು.

ಇಂದು ನಗರದ ಒಳಗೇ ಸೇರಿಹೋಗಿರುವ ಆನೆಕೊಂಡ ಈ ಎಲ್ಲ ಪೇಟೆ ವ್ಯಾಪಾರಕ್ಕಿಂತ ಬಹಳ ಹಳೆಯದು. ಅಲ್ಲಿಯ ಕಲ್ಲಿನ ಈಶ್ವರ ಗುಡಿ ಚಾಲುಕ್ಯರ ಕಾಲದ ಕೆತ್ತನೆಯದು. ಆನೆಕೊಂಡದ ಬಸವೇಶ್ವರನ ಜಾತ್ರೆಯಲ್ಲಿ ಕಾರ್ಣಿಕ ನುಡಿಯುವ ಪದ್ಧತಿಯುಂಟು. ಮಳೆ ಹೇಗೆ, ಬೆಳೆ ಹೇಗೆ, ಮುಂದಿನ ದಿನಗಳು ಹೇಗೆ ಎಂದು ತಿಳಿಯಲು ರೈತರು ಕಿವಿಗೊಟ್ಟು ನಿಲ್ಲುತ್ತಾರೆ. ಆಡುವುದು ಒಂದೇ ಮಾತು, ಅರ್ಥ ಹೇಳುವವರು ನೂರು ಮಂದಿ. ಮುಂದೇನು ಎಂದು ತಿಳಿಯಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದದ್ದು. ಜ್ಯೋತಿಷ್ಯದ ಪುಟವನ್ನು ಕದ್ದು ಓದುವ ನಮ್ಮ ಮನೆಗಳ ಮಂದಿಗೂ ಆ ಹಂಬಲ ಇಲ್ಲವೆನ್ನಲಾಗದು.

1906ರಲ್ಲಿ ಮಂಜಪ್ಪನವರಿಗೆ ಮುಂದೇನೆಂದು ಹೇಳುವವರು ಯಾರೂ ಇರಲಿಲ್ಲ. ಪತ್ರಿಕೆ ನಡೆದೀತೇ, ಚಂದಾ ಬಂದೀತೇ, ಸರಕಾರ ಸುಮ್ಮನಿದ್ದೀತೇ ಎಂಬುದು ತಿಳಿದಿರಲಿಲ್ಲ. ತಿಳಿಯದೆಯೇ ಅವರು ಕೆಲಸಕ್ಕೆ ಕೈ ಹಾಕಿದರು. ವಿಶ್ವಾಸವೆಂದರೆ ಮುಂದಿನ ದಾರಿಯೆಲ್ಲ ಬೆಳಕಾಗಿ ಕಾಣುವುದು ಎಂದು ನಾವು ಕೆಲವೊಮ್ಮೆ ತಪ್ಪು ತಿಳಿಯುತ್ತೇವೆ. ಲಾಟೀನು ಹಿಡಿದು ರಾತ್ರಿ ಹೊಲಕ್ಕೆ ಹೋದವರಿಗೆ ಗೊತ್ತು, ಅದರ ಬೆಳಕು ಬೀಳುವುದು ನಾಲ್ಕು ಹೆಜ್ಜೆಯಷ್ಟೇ. ಆ ನಾಲ್ಕು ಹೆಜ್ಜೆ ಇಟ್ಟರೆ ಇನ್ನು ನಾಲ್ಕು ಹೆಜ್ಜೆ ಕಾಣುತ್ತದೆ.

ಬಿಲ್ಲು ಹಿಡಿದ ಪತ್ರಿಕೆ

ಆ ದಿನಗಳಲ್ಲಿ ವಾರಪತ್ರಿಕೆ ನಡೆಸುವುದೆಂದರೆ ಒಬ್ಬಿಬ್ಬರೇ ಎಲ್ಲವನ್ನೂ ಹೊರುವ ಕೆಲಸ. ಬರೆಯಬೇಕು, ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿದ್ದನ್ನು ತಿದ್ದಬೇಕು, ಮಡಿಸಿ ವಿಳಾಸ ಬರೆದು ಅಂಚೆಗೆ ಹಾಕಬೇಕು, ಚಂದಾ ಕೊಡದವರಿಗೆ ಮತ್ತೆ ಮತ್ತೆ ನೆನಪು ಮಾಡಬೇಕು. ಧನುರ್ಧಾರಿಯಲ್ಲಿ ಮಂಜಪ್ಪನವರು ತಿಲಕರ ವಿಚಾರಗಳನ್ನು ಕನ್ನಡಕ್ಕೆ ತಂದರು. ಸ್ವದೇಶಿ ವಸ್ತುಗಳನ್ನೇ ಬಳಸಬೇಕೆಂದು ಬರೆದರು. ಜನರ ನಡತೆ ತಿದ್ದುವ ಲೇಖನಗಳನ್ನು ಬರೆದರು.

ಎರಡು ವರ್ಷದೊಳಗೇ ಕಾಲ ಕೆಟ್ಟಿತು. 1908ರಲ್ಲಿ ತಿಲಕರನ್ನು ಅವರ ಬರಹಗಳಿಗಾಗಿಯೇ ಹಿಡಿದು ಆರು ವರ್ಷ ಶಿಕ್ಷೆ ವಿಧಿಸಿ ಬರ್ಮಾದ ಮಂಡಾಲೆಗೆ ಕಳುಹಿಸಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಬಂತು. ಅದಕ್ಕೆ ತಲೆಬಾಗಲಾರದೆ ಮೈಸೂರಿನ ಕೆಲವು ಸಂಪಾದಕರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಹೊಸ ಬದುಕು ಆರಂಭಿಸಿ ಎರಡೇ ವರ್ಷವಾಗಿದ್ದ ಇಪ್ಪತ್ತೆರಡರ ತರುಣನಿಗೆ ಇದೆಂಥ ಪೆಟ್ಟು ಎಂಬುದನ್ನು ಯೋಚಿಸಿರಿ. ದಾರಿ ತೋರಿದ ಗುರು ಸೆರೆಮನೆಯಲ್ಲಿ, ತನ್ನ ಲೇಖನಿಯ ಮೇಲೆ ಸರಕಾರದ ಕಣ್ಣು, ಬಿಟ್ಟುಬಂದ ನೌಕರಿ ಮತ್ತೆ ಸಿಗುವಂತಿಲ್ಲ.

ನಮ್ಮಲ್ಲಿ ಅನೇಕರು ಸೋಲುವುದು ಇಲ್ಲಿಯೇ. ಬದಲಾವಣೆಯ ಮೊದಲ ವರ್ಷದಲ್ಲಿ ಹುರುಪು ಇರುತ್ತದೆ. ಎರಡನೆಯ, ಮೂರನೆಯ ವರ್ಷದಲ್ಲಿ ಅದು ಆರುತ್ತದೆ. ಕುಡಿತ ಬಿಟ್ಟವರನ್ನು ಕೇಳಿರಿ, ಹೊಸದಾಗಿ ಅಂಗಡಿ ಹಾಕಿದವರನ್ನು ಕೇಳಿರಿ, ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಒಬ್ಬಳೇ ಸಾಕುತ್ತಿರುವ ತಾಯಿಯನ್ನು ಕೇಳಿರಿ. ಮೊದಲ ದಿನಗಳಲ್ಲಿ ನಾಲ್ಕು ಜನ ಬಂದು ಧೈರ್ಯ ಹೇಳುತ್ತಾರೆ. ಆಮೇಲೆ ಅವರವರ ದಾರಿ ಅವರವರಿಗೆ.

ಮಂಜಪ್ಪನವರು ಈ ಹೊತ್ತಿನಲ್ಲಿ ತಮ್ಮ ಬದುಕನ್ನು ಇನ್ನಷ್ಟು ಬಿಗಿಮಾಡಿಕೊಂಡರು. ತಾರುಣ್ಯದಲ್ಲಿಯೇ ಮದುವೆಯಾಗದೆ ಉಳಿಯುವ ವ್ರತವನ್ನು ತೊಟ್ಟು ಕೊನೆಯ ಉಸಿರಿನವರೆಗೂ ಅದನ್ನು ಪಾಲಿಸಿದರು. ಗುರುಗಳ ಮತ್ತು ಕನ್ಯಾಸ್ತ್ರೀಯರ ಜೀವನವನ್ನು ಹತ್ತಿರದಿಂದ ಬಲ್ಲ ನಮಗೆ ಈ ವ್ರತದ ಬೆಲೆ ಗೊತ್ತಿದೆ. ಆದರೆ ಅವರಿಗೆ ಮಠದ ಆಸರೆಯಾಗಲಿ, ಜೊತೆಯಲ್ಲಿ ಬಾಳುವ ಸಹೋದರ ಬಳಗವಾಗಲಿ ಇರಲಿಲ್ಲ. ಸಂಸಾರಿಗಳ ನಡುವೆ ಒಬ್ಬರೇ ನಿಂತು ಪಾಲಿಸಬೇಕಾಗಿತ್ತು.

ಜನರನ್ನು ಕೂಡಿಸಿದ ಬಗೆ

ಪತ್ರಿಕೆ ಓದುವವರು ಆಗ ಊರಲ್ಲಿ ಎಷ್ಟು ಮಂದಿ? ಅಕ್ಷರ ಬಾರದವರನ್ನು ಮುಟ್ಟುವುದು ಹೇಗೆ? ಈ ಪ್ರಶ್ನೆಗೆ ಅವರಿಗೆ ದಾವಣಗೆರೆಯ ವಿರಕ್ತಮಠದಲ್ಲಿ ಉತ್ತರ ಸಿಕ್ಕಿತು. ಅಲ್ಲಿದ್ದ ಮೃತ್ಯುಂಜಯ ಸ್ವಾಮಿಗಳು, ಮುಂದೆ ಧಾರವಾಡದ ಮುರುಘಾಮಠದಿಂದ ನಾಡಿಗೆಲ್ಲ ಪರಿಚಿತರಾದವರು, ಇವರ ಜೊತೆ ನಿಂತರು. 1911ರಲ್ಲಿ ಶ್ರಾವಣ ಮಾಸದಲ್ಲಿ ಭಜನೆ, ಪ್ರವಚನಗಳಿಗೆ ಜನರನ್ನು ಕೂಡಿಸುವ ಕೆಲಸ ಆರಂಭವಾಯಿತು. 1913ರಲ್ಲಿ ಬಸವಣ್ಣನವರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸಿದರು. ತಿಲಕರು ಪುಣೆಯಲ್ಲಿ ಗಣೇಶೋತ್ಸವವನ್ನು ಮನೆಯಿಂದ ಬೀದಿಗೆ ತಂದು ಜನರನ್ನು ಒಗ್ಗೂಡಿಸಿದ್ದರು. ಮಂಜಪ್ಪನವರು ಹನ್ನೆರಡನೆಯ ಶತಮಾನದ ಒಬ್ಬ ಶರಣರ ನೆನಪಿನಲ್ಲಿ ಜನರನ್ನು ಒಗ್ಗೂಡಿಸಿದರು.

ಅದಕ್ಕೆ ಮೊದಲು ಹಳ್ಳಿಗಳಲ್ಲಿ ಬಸವ ಜಯಂತಿ ಎಂದರೆ ಹೆಚ್ಚಾಗಿ ಎತ್ತುಗಳನ್ನು ತೊಳೆದು ಸಿಂಗರಿಸಿ ಪೂಜಿಸುವ ದಿನ. ರೈತನಿಗೆ ಅದು ಅರ್ಥವುಳ್ಳ ಆಚರಣೆಯೇ. ಆದರೆ ಬಸವಣ್ಣ ಎಂಬ ಮನುಷ್ಯರೊಬ್ಬರು ಬಾಳಿದ್ದರು, ದುಡಿಮೆಯನ್ನು ದೊಡ್ಡದು ಮಾಡಿದರು, ಮೇಲು ಕೀಳನ್ನು ಅಲ್ಲಗಳೆದರು ಎಂಬುದು ಮರೆತಂತಾಗಿತ್ತು. 1913ರ ಆಚರಣೆ ಆ ಮನುಷ್ಯರನ್ನು ಮತ್ತೆ ಜನರ ಮುಂದೆ ನಿಲ್ಲಿಸಿತು. ಇಂದು ಬಸವ ಜಯಂತಿ ನಾಡಿಗೆಲ್ಲ ರಜೆಯ ದಿನ. 2024ರ ಜನವರಿಯಲ್ಲಿ ಕರ್ನಾಟಕ ಸರಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಸಾರಿತು. ಅದರ ಹಿಂದೆ, ನೂರು ವರ್ಷಕ್ಕೂ ಮೊದಲು ನಮ್ಮ ದಾವಣಗೆರೆಯ ಒಂದು ಮಠದ ಅಂಗಳದಲ್ಲಿ ಹಚ್ಚಿದ ದೀಪವಿದೆ.

ನೌಕರಿ ಬಿಟ್ಟ ದಿನ ಮಂಜಪ್ಪನವರಿಗೆ ಇದರ ಕನಸೂ ಇದ್ದಿರಲಾರದು. ಅವರು ಹೊರಟದ್ದು ಪತ್ರಿಕೆ ನಡೆಸಲು. ಪತ್ರಿಕೆ ಬಹಳ ವರ್ಷ ಬಾಳಲಿಲ್ಲ. ಬಾಳಿದ್ದು, ಪತ್ರಿಕೆಗಾಗಿ ಬಂದ ಊರಿನಲ್ಲಿ ಅವರು ಮಾಡಿದ ಮತ್ತೊಂದು ಕೆಲಸ. ನೀವು ಈ ವರ್ಷ ಒಂದು ಉದ್ದೇಶ ಇಟ್ಟುಕೊಂಡು ಹೊರಟು, ಅದು ಕೈಗೂಡದೆ ನೊಂದಿದ್ದರೆ ಈ ಮಾತನ್ನು ಮನಸ್ಸಿನಲ್ಲಿಡಿರಿ. ದೇವರು ನಮ್ಮನ್ನು ಒಂದು ಕಡೆಗೆ ಕರೆತರುವ ಕಾರಣ ಬೇರೆ ಇರಬಹುದು.

ತುಂಗಭದ್ರೆಯ ದಡದಲ್ಲಿ

ಗಾಂಧೀಜಿಯವರ ಹೆಸರು ದಕ್ಷಿಣ ಆಫ್ರಿಕದಿಂದ ಬಂದು ಈ ದೇಶದಲ್ಲಿ ಹರಡತೊಡಗಿದಾಗ ಮಂಜಪ್ಪನವರು ತಾವು ಹುಡುಕುತ್ತಿದ್ದುದನ್ನು ಅವರಲ್ಲಿ ಕಂಡರು. ಸತ್ಯ, ಸರಳ ಬಾಳು, ಕೈದುಡಿಮೆ, ಬ್ರಹ್ಮಚರ್ಯ. ಇವುಗಳನ್ನು ಇವರು ಆಗಲೇ ತಮ್ಮ ಮಟ್ಟಿಗೆ ನಡೆಸಿದ್ದರು. ಗಾಂಧೀಜಿಯ ಜೀವನವನ್ನು ಕನ್ನಡದಲ್ಲಿ ಮೊದಮೊದಲು ಬರೆದವರಲ್ಲಿ ಇವರೂ ಒಬ್ಬರು. ಚರಕ ಹಿಡಿದರು, ಖಾದಿ ತೊಟ್ಟರು, ಊರೂರು ತಿರುಗಿ ಖಾದಿಯ ಮಾತು ಹೇಳಿದರು.

1923ರ ಸುಮಾರಿಗೆ ಅವರು ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ಒಂದು ಸತ್ಯಾಗ್ರಹಾಶ್ರಮವನ್ನು ತೆರೆದರು. ಹರಿಹರ ನಮಗೆಲ್ಲ ಪರಿಚಿತ ಊರು. ಆರೋಗ್ಯಮಾತೆಯ ಹಬ್ಬಕ್ಕೆ ಸೆಪ್ಟೆಂಬರಿನಲ್ಲಿ ಸಾವಿರಾರು ಜನ ನಡೆದು ಬರುವ ಊರು. ಹರಿ ಮತ್ತು ಹರ ಒಂದೇ ವಿಗ್ರಹದಲ್ಲಿ ನಿಂತಿರುವ, ಹದಿಮೂರನೆಯ ಶತಮಾನದ ಗುಡಿಯಿರುವ ಊರು. ಜಗಳವಾಡುವ ಎರಡು ಕಡೆಯವರನ್ನು ಒಂದು ಮಾಡಬೇಕೆಂಬ ಆಸೆ ಆ ಮಣ್ಣಿನಲ್ಲೇ ಇದ್ದಂತಿದೆ. ಅಂಥ ನೆಲದಲ್ಲಿ ಆಶ್ರಮ ಎದ್ದಿತು. ಮುಂದಿನ ವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿಯ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಕಾಂಗ್ರೆಸ್ಸಿನ ಸದಸ್ಯರು ಚಂದಾ ಹಣದ ಬದಲು ನೂಲನ್ನೇ ಕೊಡಬೇಕೆಂಬ ನಿರ್ಣಯ ಅಲ್ಲಿ ಒಪ್ಪಿಗೆಯಾಯಿತು. ಚರಕದ ಸದ್ದು ಕನ್ನಡ ನಾಡಿನಲ್ಲಿ ಆಗ ಜೋರಾಗಿಯೇ ಕೇಳುತ್ತಿತ್ತು.

ಆದರೂ ಹರಿಹರದ ಆಶ್ರಮ ನಾಲ್ಕಾರು ವರ್ಷಕ್ಕಿಂತ ಹೆಚ್ಚು ನಡೆಯಲಿಲ್ಲ. ನಲವತ್ತು ದಾಟಿದ ವಯಸ್ಸಿನಲ್ಲಿ ಮಂಜಪ್ಪನವರು ಮತ್ತೊಮ್ಮೆ ಗಂಟು ಕಟ್ಟಿದರು. 1927ರಲ್ಲಿ ಕೃಷ್ಣೆಯ ದಡದ ಆಲಮಟ್ಟಿಗೆ ಹೋಗಿ ಅಲ್ಲಿ ವಿದ್ಯಾಲಯವೊಂದನ್ನು ಕಟ್ಟಿದರು. ತುಂಗಭದ್ರೆಯಿಂದ ಕೃಷ್ಣೆಗೆ, ಪರಿಚಿತರಿಂದ ಅಪರಿಚಿತರ ಕಡೆಗೆ. ಇಪ್ಪತ್ತರಲ್ಲಿ ಊರು ಬಿಡುವುದು ಒಂದು ಬಗೆ. ನಲವತ್ತೊಂದರಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಬೇಕಾದ ಧೈರ್ಯವೇ ದೊಡ್ಡದು. ಹೊರಡುವ ಮುನ್ನ ಹಿಂದಿನದು ನಿಂತುಹೋಯಿತೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಆಲಮಟ್ಟಿ ಎಂದರೆ ಇಂದು ನಮ್ಮ ಮಕ್ಕಳಿಗೆ ಅಣೆಕಟ್ಟು ನೆನಪಾಗುತ್ತದೆ. ಅದಕ್ಕೆ ಲಾಲ್ ಬಹಾದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಮಂಜಪ್ಪನವರು ಹೋದಾಗ ಅಲ್ಲಿ ಆ ವೈಭವ ಯಾವುದೂ ಇರಲಿಲ್ಲ. ಅವರು ಅಲ್ಲಿಂದ ಶರಣ ಸಂದೇಶ ಎಂಬ ಪತ್ರಿಕೆಯನ್ನು ನಡೆಸಿದರು, ಒಂದರ ಮೇಲೊಂದು ಪುಸ್ತಕ ಬರೆದರು, ಮಕ್ಕಳಿಗೆ ಓದಿನ ಜೊತೆ ಕೈಕೆಲಸವನ್ನೂ ಶೀಲವನ್ನೂ ಕಲಿಸಿದರು. ಶಿರಸಿಯಲ್ಲಿ ಬಿಟ್ಟುಬಂದ ಮಾಸ್ತರಿಕೆ ಇಲ್ಲಿ ಮತ್ತೊಂದು ರೂಪದಲ್ಲಿ ಅವರ ಕೈಗೆ ಬಂದಿತ್ತು. ಈ ಸಾರಿ ಸರಕಾರದ ಸಂಬಳವಿರಲಿಲ್ಲ, ಸರಕಾರದ ಅಂಕೆಯೂ ಇರಲಿಲ್ಲ.

ಲೆಕ್ಕ ಒಪ್ಪಿಸಿದ ಬಗೆ

ಓದುಗರೇ, ಇವರ ಜೀವನದಲ್ಲಿ ನಮ್ಮ ಪುಟಕ್ಕೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿ ಇನ್ನು ಮುಂದಿದೆ. ಮಂಜಪ್ಪನವರು ತಮ್ಮ ಆತ್ಮಕಥೆಯನ್ನು ಬರೆದರು. ಅದಕ್ಕೆ ತಮ್ಮ ಕಳೆದ ಮೂವತ್ತು ವರುಷಗಳ ಕಾಣಿಕೆ ಎಂಬ ಅರ್ಥದ ಹೆಸರನ್ನಿಟ್ಟರು.

ಈ ಹೆಸರಿನಲ್ಲಿರುವ ಎರಡು ಮಾತುಗಳನ್ನು ನೋಡಿರಿ. ಮೊದಲನೆಯದು ಮೂವತ್ತು. ಹುಟ್ಟಿದ ದಿನದಿಂದ ಎಣಿಸಿದರೆ ಅವರಿಗೆ ಆಗ ಐವತ್ತರ ಆಸುಪಾಸು. ಅವರು ಎಣಿಸಿದ್ದು ಸಮಾಜಕ್ಕಾಗಿ ದುಡಿದ ವರ್ಷಗಳನ್ನು, ಮಾಸ್ತರಿಕೆ ಬಿಟ್ಟು ದಾವಣಗೆರೆಗೆ ಬಂದಂದಿನಿಂದ. ಇನ್ನೊಬ್ಬರಿಗಾಗಿ ಬದುಕಲು ತೊಡಗಿದ ವರ್ಷದಿಂದ ತಮ್ಮ ವಯಸ್ಸನ್ನು ಲೆಕ್ಕ ಹಾಕಿಕೊಂಡಂತಿದೆ.

ಎರಡನೆಯದು ಕಾಣಿಕೆ. ಸಾಧನೆ ಎನ್ನಬಹುದಿತ್ತು, ನೆನಪು ಎನ್ನಬಹುದಿತ್ತು. ಕಾಣಿಕೆ ಎಂಬ ಮಾತು ನಮಗೆ ಹೊಸದಲ್ಲ. ಭಾನುವಾರದ ಬಲಿಪೂಜೆಯಲ್ಲಿ ಕಾಣಿಕೆಯ ಚೀಲ ಬೆಂಚಿನಿಂದ ಬೆಂಚಿಗೆ ಬರುತ್ತದೆ. ರೊಟ್ಟಿ ಮತ್ತು ದ್ರಾಕ್ಷಾರಸ ಕಾಣಿಕೆಯಾಗಿ ಪೀಠಕ್ಕೆ ಹೋಗುತ್ತವೆ. ಕಾಣಿಕೆ ಕೊಡುವವನು ಅದರ ಬೆಲೆಯನ್ನು ತಾನೇ ಕಟ್ಟುವುದಿಲ್ಲ. ಸಣ್ಣದೋ ದೊಡ್ಡದೋ, ಗೆದ್ದದ್ದೋ ಸೋತದ್ದೋ, ಇದ್ದದ್ದನ್ನು ಮುಂದಿಟ್ಟು ಸರಿಯುತ್ತಾನೆ. ನಿಂತುಹೋದ ಧನುರ್ಧಾರಿಯೂ, ಮುಚ್ಚಿದ ಹರಿಹರದ ಆಶ್ರಮವೂ, ಬೇರೂರಿದ ಬಸವ ಜಯಂತಿಯೂ ಆ ಒಂದೇ ಕಾಣಿಕೆಯಲ್ಲಿ ಸೇರಿದ್ದವು.

ಮಲಗುವ ಮುನ್ನ ಆತ್ಮಪರಿಶೀಲನೆ ಮಾಡಿಕೊಳ್ಳಿ ಎಂದು ಗುರುಗಳು ನಮಗೆ ಹೇಳುತ್ತಾ ಬಂದಿದ್ದಾರೆ. ಅದು ಬರಿಯ ಪಾಪಗಳ ಪಟ್ಟಿಯಾದರೆ ಮನಸ್ಸು ಕುಗ್ಗುತ್ತದೆ, ಬರಿಯ ಪುಣ್ಯದ ಪಟ್ಟಿಯಾದರೆ ಉಬ್ಬುತ್ತದೆ. ಎರಡನ್ನೂ ಸೇರಿಸಿ ಕಾಣಿಕೆಯಾಗಿ ಇಡಲು ಕಲಿತರೆ ಮನಸ್ಸು ಹಗುರಾಗುತ್ತದೆ.

ನಮಗೆ ಇದು ಹೊಂದುತ್ತದೆಯೇ?

ಇಲ್ಲಿಯವರೆಗೆ ಓದಿದವರಲ್ಲಿ ಕೆಲವರು ಮನಸ್ಸಿನಲ್ಲೇ ಒಂದು ಆಕ್ಷೇಪ ಎತ್ತಿರಬಹುದು. ಅವರಿಗೇನು, ಹೆಂಡತಿಯಿಲ್ಲ, ಮಕ್ಕಳಿಲ್ಲ, ಸಾಲದ ಕಂತಿಲ್ಲ, ಬಿಟ್ಟು ನಡೆದರು. ನಮಗೆ ಅದು ಸಾಧ್ಯವೇ? ಈ ಆಕ್ಷೇಪ ನ್ಯಾಯವಾದದ್ದು. ಮಕ್ಕಳ ಶುಲ್ಕ ಕಟ್ಟಬೇಕಾದ ತಂದೆ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬರಬೇಕೆಂದು ಈ ಪುಟ ಹೇಳುವುದಿಲ್ಲ. ಅಂಥ ರಾಜೀನಾಮೆ ತ್ಯಾಗವಾಗದು, ಹೊಣೆಗೇಡಿತನವಾದೀತು.

ಇನ್ನೂ ಒಂದು ವ್ಯತ್ಯಾಸವಿದೆ. ಮಂಜಪ್ಪನವರು ತಮ್ಮ ಬದಲಾವಣೆಯನ್ನು ತಾವೇ ಆರಿಸಿಕೊಂಡರು. ನಮ್ಮಲ್ಲಿ ಬಹಳ ಮಂದಿಗೆ ಅದು ಕೇಳದೆಯೇ ಬರುತ್ತದೆ. ದಾವಣಗೆರೆಯ ಹತ್ತಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದಾಗ ಪಾಳಿಯ ಸೈರನ್ನಿಗೆ ಎದ್ದು ಹೋಗುತ್ತಿದ್ದ ಎಷ್ಟೋ ಮನೆಗಳು ಒಂದು ಬೆಳಿಗ್ಗೆ ಏನು ಮಾಡುವುದೆಂದು ತಿಳಿಯದೆ ಕೂತವು. ಅವರು ಯಾವ ಆದರ್ಶಕ್ಕಾಗಿಯೂ ಕೆಲಸ ಬಿಟ್ಟವರಲ್ಲ. ಕೆಲಸವೇ ಅವರನ್ನು ಬಿಟ್ಟಿತ್ತು. ಕೆಲವರು ತಳ್ಳುಗಾಡಿ ಹಿಡಿದರು, ಕೆಲವರು ಆಟೋ ಓಡಿಸಿದರು, ಹೆಂಗಸರು ಹೊಲಿಗೆ ಯಂತ್ರದ ಮುಂದೆ ಕೂತರು. ಇವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಆದರೂ ಇವರೂ ನಡುವಯಸ್ಸಿನಲ್ಲಿ ಮೊದಲಿನಿಂದ ಆರಂಭಿಸಿದವರೇ.

ಆರಿಸಿಕೊಂಡ ಬದಲಾವಣೆಯಾಗಲಿ, ತಲೆಯ ಮೇಲೆ ಬಿದ್ದ ಬದಲಾವಣೆಯಾಗಲಿ, ಮರುದಿನ ಬೆಳಿಗ್ಗೆ ಎದ್ದು ಮಾಡಬೇಕಾದ ಕೆಲಸ ಒಂದೇ ಬಗೆಯದು. ಕೈಯಲ್ಲಿ ಏನು ಉಳಿದಿದೆ ಎಂದು ನೋಡುವುದು. ಅದರಿಂದ ಯಾರಿಗೆ ಉಪಯೋಗವಾದೀತು ಎಂದು ಕೇಳುವುದು. ಸೋತದ್ದನ್ನು ಸೋತಿತೆಂದು ಒಪ್ಪಿ ಮುಂದಿನ ನಾಲ್ಕು ಹೆಜ್ಜೆ ಇಡುವುದು. ಮಂಜಪ್ಪನವರು ಶಿರಸಿಯಲ್ಲಿ, ದಾವಣಗೆರೆಯಲ್ಲಿ, ಹರಿಹರದಲ್ಲಿ, ಆಲಮಟ್ಟಿಯಲ್ಲಿ ಮಾಡಿದ್ದು ಇಷ್ಟೇ. ಇದಕ್ಕೆ ಬ್ರಹ್ಮಚಾರಿಯಾಗಬೇಕಿಲ್ಲ, ಹೆಸರಾಂತ ವ್ಯಕ್ತಿಯಾಗಬೇಕಿಲ್ಲ.

ಹರ್ಡೇಕರ ಮಂಜಪ್ಪನವರು ತೀರಿಕೊಂಡದ್ದು 1947ರ ಜನವರಿ 3ರಂದು, ಹೊಸ ವರ್ಷ ಹುಟ್ಟಿದ ಮೂರನೆಯ ದಿನ. ಅವರು ಇಪ್ಪತ್ತರ ಹರೆಯದಲ್ಲಿ ಯಾವುದಕ್ಕಾಗಿ ನೌಕರಿ ಬಿಟ್ಟಿದ್ದರೋ ಆ ಸ್ವಾತಂತ್ರ್ಯ ಬರಲು ಇನ್ನು ಏಳು ತಿಂಗಳಷ್ಟೇ ಉಳಿದಿತ್ತು. ನಲವತ್ತು ವರ್ಷ ಉತ್ತು ಬಿತ್ತಿದವರು ಸುಗ್ಗಿಯನ್ನು ಕಾಣಲಿಲ್ಲ. ಆಗಸ್ಟ್ 15ರಂದು ದಾವಣಗೆರೆಯ ಬೀದಿಗಳಲ್ಲಿ ಧ್ವಜ ಹಾರಿದಾಗ ಅದನ್ನು ನೋಡಿದವರು ಬೇರೆಯವರು. ಬಿತ್ತುವವನೊಬ್ಬ, ಕೊಯ್ಯುವವನೊಬ್ಬ ಎಂಬುದು ಶುಭಸಂದೇಶ ಓದುವ ನಮಗೆ ತಿಳಿಯದ ವಿಷಯವಲ್ಲ. ತಿಳಿದಿದ್ದರೂ ನಮ್ಮ ಪಾಲಿಗೆ ಬಂದಾಗ ಒಪ್ಪುವುದು ಕಷ್ಟ. ನಾವು ನೆಟ್ಟ ಗಿಡದ ಹಣ್ಣನ್ನು ನಾವೇ ತಿನ್ನಬೇಕೆಂಬ ಆಸೆಯನ್ನು ಬಿಡುವುದು ಕಷ್ಟ.

ಈ ವರ್ಷದ ಕೊನೆಯ ರಾತ್ರಿ ಜಪಸರ ಮುಗಿದ ಮೇಲೆ ಟಿ.ವಿ.ಯನ್ನೂ ಮೊಬೈಲನ್ನೂ ಅರ್ಧ ಗಂಟೆ ಬದಿಗಿಟ್ಟು ಮನೆಮಂದಿಯೆಲ್ಲ ಒಟ್ಟಿಗೆ ಕೂತುಕೊಳ್ಳಿರಿ. ಹಳೆಯ ಕ್ಯಾಲೆಂಡರನ್ನು ನಡುವೆ ಇಡಿರಿ. ಅಜ್ಜಿಯಿಂದ ಹಿಡಿದು ಚಿಕ್ಕ ಮಗುವಿನವರೆಗೆ ಒಬ್ಬೊಬ್ಬರೂ ಈ ವರ್ಷ ತಮ್ಮಲ್ಲಿ ಬದಲಾದ ಒಂದು ವಿಷಯವನ್ನು ಹೇಳಲಿ. ಕೈಗೂಡದೆ ಹೋದ ಒಂದನ್ನೂ ಹೇಳಲಿ. ಯಾರೂ ನಗಬಾರದು, ಯಾರೂ ಬುದ್ಧಿ ಹೇಳಬಾರದು. ಹೇಳಿದ್ದೆಲ್ಲವನ್ನೂ ಪ್ರಭುವಿನ ಮುಂದೆ ಕಾಣಿಕೆಯಾಗಿ ಇಡಿರಿ. ಆಮೇಲೆ ಮುಂದಿನ ವರ್ಷದಲ್ಲಿ ಮನೆಯ ಹೊರಗಿನ ಒಬ್ಬರಿಗಾಗಿ, ಒಬ್ಬರೇ ಸಾಕು, ನಿಮ್ಮ ಕುಟುಂಬ ಏನು ಮಾಡಬಲ್ಲದು ಎಂದು ಮಾತಾಡಿಕೊಂಡು ಹೊಸ ಕ್ಯಾಲೆಂಡರಿನ ಜನವರಿಯ ಹಾಳೆಯ ಮೇಲೆ ಬರೆದಿಡಿರಿ. ಬರೆಯುವಾಗ 3ನೆಯ ತಾರೀಕು ಕಣ್ಣಿಗೆ ಬಿದ್ದರೆ, ನಮ್ಮ ಊರಿನ ಬೀದಿಗಳಲ್ಲಿ ಓಡಾಡಿದ ಆ ಖಾದಿಯ ಮನುಷ್ಯರನ್ನು ಒಂದು ಗಳಿಗೆ ನೆನೆಯಿರಿ.

ನಿಮಗೂ ನಿಮ್ಮ ಮನೆಯವರಿಗೂ ಹೊಸ ವರ್ಷ ಒಳಿತನ್ನು ತರಲಿ.